ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಮದುವೆಮನೆಯ ಅಡುಗೆಗೆ ಮರಳುವುದು ಯಾವಾಗ?

ಪ್ರಶ್ನೆ: ಸಾಗರದ ಅಡುಗೆಯವ

ಮಾನ್ಯರೇ,

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು. ವಯಸ್ಸು 47. ಮದುವೆ, ಉಪನಯನ, ಗೃಹಪ್ರವೇಶಗಳ ಅಡುಗೆಯನ್ನು ಒಪ್ಪಿಕೊಂಡು ಮಾಡಿಸುವುದೇ 22 ವರ್ಷಗಳಿಂದ ನನ್ನ ಜೀವನೋಪಾಯ. ಬಲಗಡೆಯ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬೊಂದು, ಎಂದರೆ ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಒಳಗಿನ ಭಾಗ ಹೊರಚಾಚುವ ಹರ್ನಿಯಾ, ಎರಡು ವರ್ಷಗಳಿಂದ ಇತ್ತು. ಮಲಗಿದರೆ ತಾನಾಗಿಯೇ ಒಳಗೆ ಸರಿಯುತ್ತಿದ್ದುದರಿಂದ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಳೆದ ಕಾರ್ತಿಕದಲ್ಲಿ ಒಂದು ಮನೆಯಲ್ಲಿ ಸಾರಿನ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿದ ಮೇಲೆ ಅದು ಒಳಗೆ ಹೋಗದೆ ನಿಂತುಬಿಟ್ಟಿತು. ರಾತ್ರಿಯಿಡೀ ನೋವುಂಡು, ಬೆಳಗಿನ ಜಾವಕ್ಕೆ ಹೇಗೋ ಸರಿಹೋದಾಗ, ಇನ್ನು ಮುಂದೂಡಕೂಡದೆಂದು ಮನೆಯವಳು ಹಟ ಹಿಡಿದಳು. ಮೂರು ವಾರಗಳ ಹಿಂದೆ, ಜನವರಿಯ ಕೊನೆಯಲ್ಲಿ, ಕೊಯ್ದು ಬಲೆ ಇಡುವ ಶಸ್ತ್ರಚಿಕಿತ್ಸೆ ಆಯಿತು. ಗಾಯ ಒಣಗಿದೆ, ನಡೆದಾಡುತ್ತೇನೆ, ಊಟ ನಿದ್ರೆಗಳಿಗೆ ತೊಂದರೆಯಿಲ್ಲ. ಕೊಯ್ದ ಜಾಗದ ಕೆಳಗೆ ನಾಲ್ಕು ಬೆರಳಗಲ ಚರ್ಮಕ್ಕೆ ಮಾತ್ರ ಸ್ಪರ್ಶವೇ ತಿಳಿಯುತ್ತಿಲ್ಲ.

ನನ್ನ ಕಷ್ಟವಿರುವುದು ದಿನದ ಲೆಕ್ಕದಲ್ಲಿ. ಬಿಡುಗಡೆಯ ಚೀಟಿಯಲ್ಲಿ ಮೂರು ತಿಂಗಳು ಭಾರ ಎತ್ತಬಾರದೆಂದು ಬರೆದಿದ್ದಾರೆ; ಹೊಲಿಗೆ ನೋಡಿದ ದಾದಿಯರು ಆರು ವಾರ ಸಾಕೆಂದರು; ಪಕ್ಕದ ಮನೆಯ ಹಿರಿಯರು ಒಂದು ವರ್ಷವೆನ್ನುತ್ತಾರೆ; ಮಗ ಮೊಬೈಲಿನಲ್ಲಿ ತೋರಿಸಿದ ವೈದ್ಯರೊಬ್ಬರು ಒಂದೇ ವಾರದಲ್ಲಿ ಕೆಲಸಕ್ಕೆ ಹೋಗಬಹುದೆಂದು ನಗುನಗುತ್ತ ಹೇಳಿದರು. ನಾಲ್ವರಲ್ಲಿ ಯಾರನ್ನು ನಂಬಲಿ? ಮಾರ್ಚ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ನಾಲ್ಕು ಮದುವೆಗಳನ್ನು ಒಪ್ಪಿಕೊಂಡು ಮುಂಗಡವನ್ನೂ ಪಡೆದಿದ್ದೇನೆ. ಅವುಗಳಲ್ಲಿ ಮೊದಲನೆಯದೇ 500 ಜನರ ಊಟ. ಅಕ್ಕಿಯೇ 50 ಕೆ.ಜಿ. ದಾಟುತ್ತದೆ. ಆಷಾಢ ಬಂದರೆ ಮತ್ತೆ ಶ್ರಾವಣದವರೆಗೆ ಕೆಲಸವಿಲ್ಲ. ಈ ಮೂರು ತಿಂಗಳ ದುಡಿಮೆಯಲ್ಲಿಯೇ ಮಳೆಗಾಲ ಕಳೆಯಬೇಕಾದ ಮನೆ ನಮ್ಮದು.

ಇನ್ನೊಂದು ವಿಷಯ. ಬೆಂಗಳೂರಿನ ಹೋಟೆಲೊಂದರಲ್ಲಿ ಅಡುಗೆಗಿರುವ ನನ್ನ ತಮ್ಮನಿಗೆ ಹಿಂದೆ ಅಪೆಂಡಿಕ್ಸ್ ತೆಗೆದಾಗ, ಮನೆಯಲ್ಲಿದ್ದ ದಿನಗಳಿಗೂ ಇ.ಎಸ್.ಐ.ನಿಂದ (ನೌಕರರ ರಾಜ್ಯ ವಿಮಾ ನಿಗಮ) ಹಣ ಬಂದಿತ್ತು. ಅದೇ ಸೌಟು ಹಿಡಿಯುವ ನನಗೆ ಅಂಥದ್ದೇನಾದರೂ ಉಂಟೇ? ಇ-ಶ್ರಮ್ ಕಾರ್ಡ್ ಇದೆ, ಬಿ.ಪಿ.ಎಲ್. ಪಡಿತರ ಚೀಟಿ ಇದೆ. ಮನೆಯವಳು ಸಂಘದ ವಾರದ ಕಂತು ಕಟ್ಟಲು ಅಡಿಕೆ ಸುಲಿಯಲು ಹೋಗುತ್ತಿದ್ದಾಳೆ. ನಾನು ಜಗುಲಿಯಲ್ಲಿ ಕುಳಿತು ಅವಳು ಬರುವ ದಾರಿ ನೋಡುತ್ತೇನೆ. ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1: ಶಸ್ತ್ರವೈದ್ಯ, ಹುಬ್ಬಳ್ಳಿ

ಭಟ್ಟರೇ, ನಿಮ್ಮನ್ನು ಪರೀಕ್ಷಿಸದೆ ಬರೆಯುತ್ತಿರುವುದರಿಂದ ಕೊನೆಯ ಮಾತು ನಿಮಗೆ ಶಸ್ತ್ರಚಿಕಿತ್ಸೆ ಮಾಡಿದವರದ್ದೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ನಾಲ್ಕು ಲೆಕ್ಕಗಳು ಏಕೆ ಹುಟ್ಟಿದವು ಎಂಬುದನ್ನು ವಿವರಿಸಬಲ್ಲೆ.

ಕೊಯ್ದ ಅಂಗಾಂಶ ಕೂಡಿಕೊಳ್ಳುವುದು ನಿಧಾನದ ಕೆಲಸ. ಚರ್ಮ ಹತ್ತು ಹದಿನೈದು ದಿನಗಳಲ್ಲಿ ಮುಚ್ಚಿಕೊಂಡು ಎಲ್ಲವೂ ಮುಗಿದಂತೆ ಕಾಣುತ್ತದೆ. ಒಳಗಿನ ಪದರ ಮೂರು ವಾರಗಳ ಹೊತ್ತಿಗೆ ತನ್ನ ಮೂಲಬಲದ ಕಾಲುಭಾಗವನ್ನಷ್ಟೇ ಮರಳಿ ಪಡೆದಿರುತ್ತದೆ, ಮೂರು ತಿಂಗಳ ಹೊತ್ತಿಗೆ ಸುಮಾರು 80 ಭಾಗ, ನೂರಕ್ಕೆ ನೂರು ಎಂದಿಗೂ ಅಲ್ಲ. ನಿಮ್ಮ ಚೀಟಿಯಲ್ಲಿರುವ ಮೂರು ತಿಂಗಳು ಬಂದದ್ದು ಈ ಲೆಕ್ಕದಿಂದ. ಬಲೆಯಿಲ್ಲದೆ ಬರೀ ಹೊಲಿಗೆಯ ಬಿಗಿತವನ್ನು ನಂಬಿದ್ದ ಕಾಲದಲ್ಲಿ ಅದು ಅಕ್ಷರಶಃ ಅಗತ್ಯವಾಗಿತ್ತು. 1980ರ ದಶಕದಲ್ಲಿ ಲಿಖ್ಟೆನ್‌ಸ್ಟೈನ್ ಪದ್ಧತಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯ ಬಲೆಯನ್ನು ದುರ್ಬಲ ಜಾಗದ ಮೇಲೆ ಹಾಸಿ ಹೊಲಿಯುವುದರಿಂದ ಸ್ನಾಯುಗಳನ್ನು ಎಳೆದು ಕಟ್ಟಬೇಕಾಗಿಲ್ಲ. ಕ್ರಮೇಣ ಬಲೆಯ ಕಣ್ಣುಗಳೊಳಗೆ ನಿಮ್ಮದೇ ಅಂಗಾಂಶ ಬೆಳೆದು ಗೋಡೆಗೆ ಸಲಾಕೆ ಕೊಟ್ಟಂತಾಗುತ್ತದೆ. ಹೀಗಾಗಿಯೇ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ, ರೋಗಿಗೆ ಹಿತವೆನಿಸಿದಷ್ಟು ಬೇಗ ದಿನನಿತ್ಯದ ಚಟುವಟಿಕೆಗೆ ಮರಳಬಹುದು, ಹಾಸಿಗೆ ಹಿಡಿದಿರಬೇಕಾಗಿಲ್ಲ ಎನ್ನುತ್ತದೆ. ನಿಮ್ಮ ಮಗ ತೋರಿಸಿದ ವೈದ್ಯರು ಹೇಳಿದ್ದು ಇದನ್ನೇ ಇರಬೇಕು. ಆದರೆ ಅವರ ಕಣ್ಣ ಮುಂದಿದ್ದದ್ದು ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು. ನೂರು ಲೀಟರ್ ಸಾರಿನ ಕೊಪ್ಪರಿಗೆಯ ಕಿವಿಗೆ ಬಡಿಗೆ ತೂರಿಸಿ, ಇನ್ನೊಬ್ಬನೊಡನೆ ಎತ್ತಿ, ಜಾರುವ ನೆಲದ ಮೇಲೆ ಸೊಂಟ ತಿರುಗಿಸುವ ಮನುಷ್ಯನಲ್ಲ.

ನನ್ನ ರೋಗಿಗಳಲ್ಲಿ ದೈಹಿಕ ದುಡಿಮೆಯವರಿಗೆ ನಾನು ಹೇಳುವುದು ಹೀಗೆ: ನಡಿಗೆ ಮೊದಲ ದಿನದಿಂದಲೇ ಬೇಕು, ಒಂದು ಕೊಡ ನೀರಿನಷ್ಟು ಭಾರವನ್ನು ಆರು ವಾರಗಳವರೆಗೆ ಮುಟ್ಟುವುದು ಬೇಡ, ಆ ನಂತರ ವಾರವಾರಕ್ಕೂ ಸ್ವಲ್ಪಸ್ವಲ್ಪವೇ ಏರಿಸಿ, ನೋವು ಬಂದಲ್ಲಿ ನಿಲ್ಲಿಸಿ, ಇಬ್ಬರು ಹೊರುವ ಹೊರೆಗೆ ಮೂರು ತಿಂಗಳ ನಂತರವೇ ಕೈಹಾಕಿ. ಹಿಂದಿನ ದಿನ ಎತ್ತಿದ್ದು ಮರುದಿನ ಬೆಳಿಗ್ಗೆ ನೋಯದಿದ್ದರೆ ಅಷ್ಟನ್ನು ದೇಹ ಒಪ್ಪಿದೆ ಎಂದು ತಿಳಿಯಬಹುದು.

ಭಾರಕ್ಕಿಂತ ನನಗೆ ನಿಮ್ಮ ಒಲೆಯ ಹೊಗೆಯ ಭಯ ಹೆಚ್ಚು. ಕೆಮ್ಮು ಮತ್ತು ಮಲಬದ್ಧತೆ, ಇವೆರಡೂ ದಿನಕ್ಕೆ ಹತ್ತಾರು ಬಾರಿ ಹೊಟ್ಟೆಯೊಳಗಿನ ಒತ್ತಡವನ್ನು ಏರಿಸುತ್ತವೆ. ಕೊಪ್ಪರಿಗೆ ಎತ್ತುವುದಾದರೂ ದಿನಕ್ಕೆ ನಾಲ್ಕೇ ಸಲ. ಬೀಡಿ ಸೇದುವ ಅಭ್ಯಾಸವಿದ್ದರೆ ಬಿಡಿ, ಕೆಮ್ಮು ಬಂದಾಗ ಅಂಗೈಯನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಿ, ನೀರು, ಸೊಪ್ಪು, ಬಾಳೆಹಣ್ಣುಗಳನ್ನು ಧಾರಾಳವಾಗಿ ಸೇವಿಸಿ. ನಂಜೆಂದು ಬದನೆ, ಕುಂಬಳ, ಬೇಳೆಗಳನ್ನೆಲ್ಲ ಬಿಟ್ಟು ತಿಂಗಳುಗಟ್ಟಲೆ ಗಂಜಿ ಉಪ್ಪಿನಕಾಯಿಯಲ್ಲಿ ಕಳೆಯುವವರನ್ನು ಕಂಡಿದ್ದೇನೆ. ಗಾಯ ಮಾಯಲು ಬೇಕಾದ ಪ್ರೋಟೀನು ಆ ಗಂಜಿಯಲ್ಲಿಲ್ಲ. ನೀವು ಅಡುಗೆಯವರು, ಇದನ್ನು ನಾನು ಹೇಳಬೇಕಾಗಿಲ್ಲ.

ಚರ್ಮದ ಮರಗಟ್ಟುವಿಕೆ ಸಾಮಾನ್ಯ. ಅಲ್ಲಿ ಹಾದುಹೋಗುವ ಸಣ್ಣ ನರಗಳು ಕೊಯ್ಯುವಾಗ ಎಳೆತಕ್ಕೊಳಗಾಗುತ್ತವೆ. ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ, ಅಪಾಯವಿಲ್ಲ. ಜ್ವರ, ಗಾಯದಿಂದ ಕೀವು, ಮೂತ್ರ ಕಟ್ಟುವುದು, ಮೀನಖಂಡದ ಊತ, ಅಥವಾ ವಾಂತಿಯೊಡನೆ ಮತ್ತೆ ಗಟ್ಟಿ ಉಬ್ಬು ಕಂಡರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಉತ್ತರ 2: ದಾವಣಗೆರೆಯ ಮಗಳು

ನಮಸ್ಕಾರ. ನನ್ನ ತಂದೆಯವರು ಮೂವತ್ತು ವರ್ಷ ಹಮಾಲಿ ಮಾಡಿದವರು. ಅವರಿಗೂ ಇದೇ ಶಸ್ತ್ರಚಿಕಿತ್ಸೆ ಇದೇ ಕಡೆಗೆ ಆಗಿತ್ತು. ನಿಮ್ಮಂತೆಯೇ ಅವರಿಗೂ ಮೂರನೆಯ ವಾರದಲ್ಲಿ ಎಲ್ಲವೂ ಸರಿಯಾಗಿದೆ ಎನಿಸಿತು. ಸುಗ್ಗಿಯ ಕಾಲ, ಮಂಡಿಗೆ ಮೆಕ್ಕೆಜೋಳ ಬಂದು ಬೀಳುತ್ತಿತ್ತು. ಅವರ ತಂಡದಲ್ಲಿ ಒಬ್ಬರು ಕಡಿಮೆಯಾದರೆ ಉಳಿದವರ ಮೇಲೆ ಹೊರೆ ಏರುತ್ತದೆ, ಕೂಲಿ ಹಂಚುವಾಗ ಬಾರದವನ ಹೆಸರು ಬರುವುದಿಲ್ಲ. ನಮಗೆ ಹೇಳದೆ ಇಪ್ಪತ್ತೈದನೆಯ ದಿನ ಹೋಗಿ ಚೀಲ ಹೊತ್ತರು. ಬಲೆ ಜಾರಲಿಲ್ಲ, ಹರ್ನಿಯಾ ಮರುಕಳಿಸಲಿಲ್ಲ. ಹಾಗೆಂದು ಹೆದರಿಸಿದರೆ ಸುಳ್ಳಾದೀತು. ಆದರೆ ಅಂದಿನಿಂದ ತೊಡೆಸಂದಿಯಲ್ಲಿ ಸೂಜಿ ಚುಚ್ಚಿದಂಥ ನೋವು ಹಿಡಿಯಿತು, ಅದು ಹೋಗಲು ಒಂಬತ್ತು ತಿಂಗಳಾಯಿತು. ಹೀಗೆ ಮೂರು ತಿಂಗಳು ದಾಟಿಯೂ ಉಳಿಯುವ ನೋವು ಹತ್ತರಲ್ಲಿ ಒಬ್ಬರಿಗೆ ಬರುತ್ತದೆ, ಬೇಗ ಹೋಗದಿದ್ದರೂ ಬರಬಹುದಿತ್ತು ಎಂದು ಅವರ ವೈದ್ಯರು ನಮಗೆ ಸಮಾಧಾನ ಹೇಳಿದರು. ಅಪ್ಪ ಮಾತ್ರ ಅದನ್ನು ನಂಬಲಿಲ್ಲ, ನಾನೂ ಪೂರ್ತಿ ನಂಬಿಲ್ಲ.

ಬರೆಯಬೇಕೆನಿಸಿದ್ದು ಇನ್ನೊಂದಿದೆ. ಆ ದಿನಗಳಲ್ಲಿ ಅಪ್ಪ ಮನೆಯಲ್ಲಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಅಮ್ಮ ಬೇರೆಯವರ ಮನೆ ಕೆಲಸಕ್ಕೆ ಹೋಗಿ ಬಂದು ಊಟಕ್ಕೆ ಬಡಿಸಿದರೆ, ಹಸಿವಿಲ್ಲವೆಂದು ಅರ್ಧ ರೊಟ್ಟಿಗೆ ಎದ್ದುಬಿಡುತ್ತಿದ್ದರು. ದುಡಿಯದವನು ಹೊಟ್ಟೆತುಂಬ ತಿನ್ನಬಾರದೆಂದು ಅವರು ಒಳಗೊಳಗೇ ನಿರ್ಧರಿಸಿದ್ದರೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಕೊನೆಗೆ ಅಮ್ಮ ಒಂದು ಉಪಾಯ ಮಾಡಿದಳು: ಕಿರಾಣಿ ಅಂಗಡಿಯಿಂದ ಕಡಲೆ ತಂದು ಅಪ್ಪನ ಮುಂದೆ ಮೊರದಲ್ಲಿ ಸುರಿದು, ಕಲ್ಲು ಆರಿಸಿಕೊಡಬೇಕೆಂದಳು. ಅದರಿಂದ ಬಂದ ಹಣ ಹೇಳಿಕೊಳ್ಳುವಂಥದ್ದಲ್ಲ. ಅಂದು ಅವರು ಎರಡು ರೊಟ್ಟಿ ತಿಂದರು. ತಾವು ಜಗುಲಿಯಲ್ಲಿ ಕುಳಿತಿರುತ್ತೇನೆಂದು ಬರೆದದ್ದನ್ನು ಓದಿ ಇದು ನೆನಪಾಯಿತು. ಸುಲಿದ ಅಡಿಕೆ ಆರಿಸುವುದಕ್ಕೆ ತೊಡೆಸಂದಿಯ ಬಲ ಬೇಕಾಗಿಲ್ಲವಷ್ಟೆ?

ಉತ್ತರ 3: ಲೆಕ್ಕ ಬರೆಯುವವ, ಬೆಂಗಳೂರು

ನಾನು ಸಣ್ಣ ಕಾರ್ಖಾನೆಗಳಿಗೆ ವೇತನ ಮತ್ತು ಇ.ಎಸ್.ಐ. ಲೆಕ್ಕಗಳನ್ನು ಬರೆದುಕೊಡುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹಿತವಾದುದಲ್ಲ, ಆದರೂ ಸ್ಪಷ್ಟವಾಗಿರಲಿ.

ನಿಮ್ಮ ತಮ್ಮನಿಗೆ ಹಣ ಬಂದದ್ದು ಅವರು ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನ ನೌಕರರಾದ್ದರಿಂದ ಮತ್ತು ಅವರ ಸಂಬಳ ತಿಂಗಳಿಗೆ ₹21,000ದ ಮಿತಿಯೊಳಗಿದ್ದುದರಿಂದ. ಅವರ ಸಂಬಳದಿಂದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25 ಪ್ರತಿ ತಿಂಗಳೂ ನಿಗಮಕ್ಕೆ ಸಂದಾಯವಾಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಬಿದ್ದಿದ್ದರೆ, ಕಾಯಿಲೆಯ ರಜೆಗೆ ಸರಾಸರಿ ದಿನಗೂಲಿಯ ಶೇಕಡಾ 70ರಂತೆ, ವರ್ಷಕ್ಕೆ 91 ದಿನಗಳವರೆಗೆ ಕೊಡುತ್ತಾರೆ. ಸಾಮಾನ್ಯವಾಗಿ ಮೊದಲೆರಡು ದಿನಗಳಿಗೆ ಇಲ್ಲ. ಇ.ಎಸ್.ಐ. ವೈದ್ಯರ ಪ್ರಮಾಣಪತ್ರ ಅತ್ಯಗತ್ಯ. 91 ದಿನವೆಂದರೆ ಮೂರು ತಿಂಗಳು. ನಿಮ್ಮ ಬಿಡುಗಡೆಯ ಚೀಟಿಯಲ್ಲಿ ಬರೆದಿರುವಷ್ಟೇ. ತಮ್ಮನಿಗಾದರೆ ಆ ಚೀಟಿಯನ್ನು ಅಕ್ಷರಶಃ ಪಾಲಿಸಲು ಸಾಧ್ಯವಿತ್ತು.

ನಿಮ್ಮದು ಸ್ವಂತ ವೃತ್ತಿ, ಆದ್ದರಿಂದ ಅದು ನಿಮಗೆ ಅನ್ವಯಿಸುವುದಿಲ್ಲ. ಬಿ.ಪಿ.ಎಲ್. ಚೀಟಿಯಿರುವುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗಿನ ಚಿಕಿತ್ಸೆಯ ರಕ್ಷಣೆ ಇದೆ. ಆದರೆ ಅದು ಆಸ್ಪತ್ರೆಗೆ ಸಲ್ಲುವ ಹಣ. ಮನೆಯಲ್ಲಿ ಕುಳಿತ ದಿನಗಳ ಕೂಲಿಯನ್ನು ಆ ಯೋಜನೆ ಲೆಕ್ಕಿಸುವುದೇ ಇಲ್ಲ. ಇ-ಶ್ರಮ್ ಎನ್ನುವುದು ಅಸಂಘಟಿತ ಕಾರ್ಮಿಕರ ನೋಂದಣಿ. ಕಾಯಿಲೆಯ ದಿನಗಳಿಗೆ ಅದು ಸಂಬಳ ಕೊಡುವುದಿಲ್ಲ. ಖಾಸಗಿ ಕಂಪನಿಗಳು ಮಾರುವ, ದಿನಕ್ಕಿಷ್ಟು ನಗದು ಕೊಡುವ ಪಾಲಿಸಿಗಳೂ ಆಸ್ಪತ್ರೆಯಲ್ಲಿ ದಾಖಲಾಗಿದ್ದ ದಿನಗಳನ್ನು ಮಾತ್ರ ಎಣಿಸುತ್ತವೆ. ಹೊಸದಾಗಿ ಆರೋಗ್ಯ ವಿಮೆ ಮಾಡಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ: ಹರ್ನಿಯಾಕ್ಕೆ ಬಹುತೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕಾಗುತ್ತದೆ, ಮತ್ತು ಈಗಾಗಲೇ ಆಗಿರುವ ಶಸ್ತ್ರಚಿಕಿತ್ಸೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಮುಂದೆ ಹಣ ಕೇಳುವಾಗ ಅದೇ ತಿರುಗಿಬೀಳುತ್ತದೆ.

ಹಾಗಾದರೆ ಮಾಡುವುದೇನು? ಕಂತಿನ ವಿಷಯವನ್ನು ಸಂಘದಲ್ಲಿ ಬಾಯಿಬಿಟ್ಟು ಹೇಳಿ. ಕಂತು ತಪ್ಪಿದ ಮೇಲೆ ಹೇಳುವುದಕ್ಕೂ ತಪ್ಪುವ ಮೊದಲೇ ಬಿಡುಗಡೆಯ ಚೀಟಿ ತೋರಿಸಿ ಅವಧಿ ಕೇಳುವುದಕ್ಕೂ ಅಜಗಜಾಂತರ. ಮನೆಯಲ್ಲಿ ಒಡವೆಯಿದ್ದರೆ ಸಹಕಾರ ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ಅಡವಿಡುವುದು ಕೈಸಾಲದ ಬಡ್ಡಿಗಿಂತ ಮೇಲು. ಗೃಹಲಕ್ಷ್ಮಿಯ ತಿಂಗಳ ₹2,000 ನಿಮ್ಮ ಮನೆಯವರ ಹೆಸರಿಗೆ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತುಹೋದ ಉದಾಹರಣೆಗಳು ಹಲವು.

ಉತ್ತರ 4: ಕುಂದಾಪುರದ ಹಿರಿಯ ಅಡುಗೆಯವ

ಭಟ್ರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನನಗೆ ಈಗ 68. ಎರಡೂ ಕಡೆ ಹರ್ನಿಯಾ ಆಗಿ ಎರಡು ಬೇರೆ ಬೇರೆ ವರ್ಷಗಳಲ್ಲಿ ಕೊಯ್ಸಿಕೊಂಡವನು ನಾನು. ವೈದ್ಯರೂ ಲೆಕ್ಕದವರೂ ಬರೆದದ್ದಕ್ಕೆ ನಾನು ಸೇರಿಸುವುದು ಒಲೆಯ ಪಕ್ಕದ ಮಾತುಗಳನ್ನು ಮಾತ್ರ.

ನಿಮ್ಮನ್ನು ಜನ ಕರೆಯುವುದು ಕೊಪ್ಪರಿಗೆ ಎತ್ತಲಿಕ್ಕಲ್ಲ. ಎಷ್ಟು ಜನಕ್ಕೆ ಎಷ್ಟು ಸಾಮಾನೆಂದು ಚೀಟಿ ಬರೆಯುವುದು, ಕಡಲೆಬೇಳೆ ಬೆಂದ ಹದ ನೋಡುವುದು, ಪಾಯಸಕ್ಕೆ ಬೆಲ್ಲ ಯಾವಾಗ ಬೀಳಬೇಕೆಂದು ಹೇಳುವುದು, ಊಟಕ್ಕೆ ನಿರೀಕ್ಷೆಗಿಂತ ನೂರು ಜನ ಹೆಚ್ಚು ಬಂದಾಗ ಗಾಬರಿಯಾಗದೆ ಸಾಂಬಾರಿನ ಎರಡನೆಯ ಒಗ್ಗರಣೆಗೆ ಅಣಿಮಾಡುವುದು, ಇದಕ್ಕೆ ಕರೆಯುತ್ತಾರೆ. ಹಾಗಾಗಿ ಮಾರ್ಚಿನ ಮದುವೆಗೆ ನೀವು ಹೋಗಬಹುದು, ಆದರೆ ಒಂದು ಸ್ಟೂಲಿನ ಮೇಲೆ ಕುಳಿತು. ಎತ್ತುವುದಕ್ಕೆ, ಗಂಜಿ ಬಸಿಯುವುದಕ್ಕೆ ಇಬ್ಬರು ಗಟ್ಟಿ ಹುಡುಗರನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಅವರ ಕೂಲಿ ನಿಮ್ಮ ಲಾಭದಲ್ಲಿ ಕಡಿತವಾಗುತ್ತದೆ, ಆಗಲಿ. ಕಷ್ಟವಿರುವುದು ನಮ್ಮ ಕೈಯ ಚಟದಲ್ಲಿ. ಹುಡುಗ ಓರೆಯಾಗಿ ಹಿಡಿದನೆಂದರೆ ನಮಗೆ ಅರಿವಿಲ್ಲದಂತೆ ಎದ್ದುಹೋಗಿ ಕಿವಿ ಹಿಡಿದುಬಿಡುತ್ತೇವೆ. ನನ್ನ ಮೊದಲ ಶಸ್ತ್ರಚಿಕಿತ್ಸೆಯ ನಂತರ ಹಾಗೆ ಎರಡು ಬಾರಿ ಎದ್ದಿದ್ದೆ. ಮೂರನೆಯ ಬಾರಿ ನನ್ನ ಹೆಂಡತಿಯ ತಮ್ಮ ಹೆಗಲ ಮೇಲೆ ಕೈಯಿಟ್ಟು ಕುಳ್ಳಿರಿಸಿದ. ಅಂಥವನೊಬ್ಬನನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸೌದೆಯ ಒಲೆಯಾದರೆ ಗಾಳಿಗೆ ಬೆನ್ನು ಕೊಟ್ಟು ಕೂರಿ, ಹೊಗೆ ಆಚೆಗೆ ಹೋಗುತ್ತದೆ. ಸಾಧ್ಯವಾದಲ್ಲಿ ಗ್ಯಾಸಿನ ಒಲೆ ಕೇಳಿ.

ಮುಂಗಡದ ವಿಷಯ. ನಾಲ್ಕನ್ನೂ ಹಿಡಿದುಕೊಂಡು ಕೂರಬೇಡಿ. ಅತಿ ದೊಡ್ಡದನ್ನು, ಅಥವಾ ಒಂದೇ ವಾರದಲ್ಲಿ ಎರಡು ಬಿದ್ದಿದ್ದರೆ ಅವುಗಳಲ್ಲೊಂದನ್ನು, ನಂಬಿಕೆಯ ಇನ್ನೊಬ್ಬರಿಗೆ ಈಗಲೇ ಒಪ್ಪಿಸಿ, ಮನೆಯವರಿಗೆ ನೀವೇ ಹೋಗಿ ಕಾರಣ ಹೇಳಿ ಮುಂಗಡ ದಾಟಿಸಿ. ಮದುವೆಗೆ ಎಂಟು ದಿನವಿರುವಾಗ ಹೇಳಿದರೆ ಊರೆಲ್ಲ ಹೆಸರು ಕೆಡುತ್ತದೆ. ಎಂಟು ವಾರವಿರುವಾಗ ಹೇಳಿದರೆ ಯಾರೂ ಬೇಸರಿಸರು. ಅದರ ಬದಲು ತಿಥಿ, ಸತ್ಯನಾರಾಯಣ ಪೂಜೆಗಳಂಥ ಇಪ್ಪತ್ತು ಮೂವತ್ತು ಎಲೆಯ ಅಡುಗೆಗಳನ್ನು ತೆಗೆದುಕೊಳ್ಳಿ. ಶ್ರಾದ್ಧದ ಅಡುಗೆಗೆ ಜನವೇ ಸಿಗುತ್ತಿಲ್ಲವೆಂದು ಪುರೋಹಿತರು ಎಲ್ಲೆಡೆ ಅಲವತ್ತುಕೊಳ್ಳುತ್ತಿದ್ದಾರೆ. ಪಾತ್ರೆಗಳು ಸಣ್ಣವು, ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುತ್ತದೆ, ಸಂಭಾವನೆ ಅದೇ ದಿನ ಕೈಗೆ ಬರುತ್ತದೆ. ದೊಡ್ಡ ಮದುವೆ ಮಾಡಿಸುವವರು ನಾವೆಂಬ ಬಿಂಕದಿಂದ ನಾನು ಮೊದಲ ಸಲ ಅದನ್ನು ಒಪ್ಪಿರಲಿಲ್ಲ. ಎರಡನೆಯ ಸಲ ಒಪ್ಪಿಕೊಂಡೆ, ಆ ಮಳೆಗಾಲ ಸುಸೂತ್ರವಾಗಿ ಕಳೆಯಿತು.

ಮರುಬರಹ: ಸಾಗರದ ಅಡುಗೆಯವ

ಉತ್ತರಿಸಿದ ಎಲ್ಲರಿಗೂ ನಮಸ್ಕಾರಗಳು. ನಿನ್ನೆ ತಪಾಸಣೆಗೆ ಹೋಗಿದ್ದಾಗ ವೈದ್ಯರಿಗೆ ನನ್ನ ಕೆಲಸವೇನೆಂಬುದನ್ನು ಮೊದಲ ಬಾರಿಗೆ ಬಿಡಿಸಿ ಹೇಳಿದೆ; ಅಡುಗೆ ಎಂದಾಗ ಅವರು ಮನೆಯ ಅಡುಗೆಯನ್ನೇ ಎಣಿಸಿಕೊಂಡಿದ್ದರಂತೆ. ಕೊಪ್ಪರಿಗೆಯ ಅಳತೆ ಕೇಳಿ, ಹುಬ್ಬಳ್ಳಿಯವರು ಬರೆದಂತೆಯೇ, ಸಣ್ಣ ಕೆಲಸಕ್ಕೆ ಆರು ವಾರ, ಎತ್ತುವುದಕ್ಕೆ ಮೂರು ತಿಂಗಳು ಎಂದು ಚೀಟಿಯ ಹಿಂಭಾಗದಲ್ಲಿ ಬರೆದುಕೊಟ್ಟರು. ಏಪ್ರಿಲ್ ಕೊನೆಯ ಮದುವೆಯನ್ನು ತಾಳಗುಪ್ಪದ ಕಡೆಯ ಒಬ್ಬರಿಗೆ ದಾಟಿಸಿದ್ದೇನೆ. ಮಾರ್ಚಿನದಕ್ಕೆ ನಾನೇ ಹೋಗುತ್ತೇನೆ, ಸ್ಟೂಲು ಸಹಿತ. ಹೆಗಲ ಮೇಲೆ ಕೈಯಿಡುವ ಕೆಲಸವನ್ನು ಮಗ ವಹಿಸಿಕೊಂಡಿದ್ದಾನೆ, ಅವನಿಗೆ ಅದರಲ್ಲಿ ಸ್ವಲ್ಪ ಹೆಚ್ಚೇ ಉತ್ಸಾಹ ಕಾಣುತ್ತಿದೆ. ನಮ್ಮ ಪುರೋಹಿತರಲ್ಲಿ ಕೇಳಿದ್ದಕ್ಕೆ ಮುಂದಿನ ತಿಂಗಳ ಕೊನೆಗೆ ಎರಡು ತಿಥಿಗಳನ್ನು ತಕ್ಷಣ ಹೇಳಿದರು.

ದಾವಣಗೆರೆಯ ತಂಗಿಗೆ: ಇಂದು ಬೆಳಗಿನಿಂದ ಅಡಿಕೆ ಆರಿಸುತ್ತಿದ್ದೇನೆ. ಗೋಟು ಯಾವುದು, ಹಸ ಯಾವುದು, ರಾಶಿ ಯಾವುದು ಎಂಬುದರಲ್ಲಿ ಮನೆಯವಳು ಈಗಾಗಲೇ ಮೂರು ಬಾರಿ ನನ್ನ ತಪ್ಪು ಹಿಡಿದಿದ್ದಾಳೆ.